ಗಂಡಸರ ಕೂದಲು ಉದುರುವಿಕೆ: ಯಾವುದು ಚಿಕಿತ್ಸೆ, ಯಾವುದು ಭ್ರಮೆ?

ಕಳೆದ ವರ್ಷ ತಾಯಿಯೊಬ್ಬರು ಇಪ್ಪತ್ತೇಳು ವರ್ಷದ ಮಗನನ್ನು ಕರೆದುಕೊಂಡು ಬಂದರು. ‘ಹೆಣ್ಣಿನ ಕಡೆಯವರು ಫೋಟೋ ನೋಡಿಯೇ ಬೇಡ ಅಂದ್ರು ಡಾಕ್ಟ್ರೇ, ಇವನ ತಲೆಗೆ ಏನಾದ್ರೂ ಮಾಡಿ’ ಎಂದು ಕಣ್ಣೀರು ಹಾಕಿದರು. ಮಗ ತಲೆ ತಗ್ಗಿಸಿ ಕುಳಿತಿದ್ದ. ಎರಡು ವರ್ಷಗಳಲ್ಲಿ ಎಣ್ಣೆ, ಶಾಂಪೂ, ವಿಟಮಿನ್ ಮಾತ್ರೆಗಳಿಗೆ ಸಾವಿರಾರು ರೂಪಾಯಿ ಸುರಿದಿದ್ದ. ನಿಜವಾಗಿ ಪ್ರಯೋಜನವಾಗಬಹುದಾಗಿದ್ದ ಒಂದೇ ಒಂದು ಔಷಧವನ್ನು ಮಾತ್ರ ಐದನೇ ವಾರಕ್ಕೇ ನಿಲ್ಲಿಸಿಬಿಟ್ಟಿದ್ದ! ಇಂಥ ಮನೆಗಳು ಅನೇಕ ಇರುವುದರಿಂದ ಈ ವಾರ ಇದೇ ವಿಷಯ.

ಬೋಳಾಗುವುದು ಏಕೆ?

ನಮ್ಮ ತಲೆಯಲ್ಲಿ ಸುಮಾರು ಒಂದು ಲಕ್ಷ ಕೂದಲುಗಳಿರುತ್ತವೆ. ದಿನಕ್ಕೆ 50ರಿಂದ 100 ಕೂದಲು ಉದುರುವುದು ಸಹಜ. ಅವುಗಳ ಜಾಗದಲ್ಲಿ ಹೊಸವು ಹುಟ್ಟುತ್ತವೆ. ಗಂಡಸರ ದೇಹದಲ್ಲಿ ಟೆಸ್ಟೋಸ್ಟಿರಾನ್ ಹಾರ್ಮೋನು ಡಿಎಚ್‌ಟಿ ಎಂಬ ಇನ್ನೊಂದು ರೂಪಕ್ಕೆ ಬದಲಾಗುತ್ತದೆ. ವಂಶದಿಂದ ಬಂದ ಗುಣದಿಂದಾಗಿ ಕೆಲವರ ಹಣೆಯ ಇಕ್ಕೆಲ ಮತ್ತು ನೆತ್ತಿಯ ಕೂದಲ ಬುಡಗಳು ಈ ಡಿಎಚ್‌ಟಿಯಿಂದ ವರ್ಷ ಕಳೆದಂತೆ ಕುಗ್ಗುತ್ತವೆ. ಕೂದಲು ತೆಳುವಾಗಿ, ಗಿಡ್ಡವಾಗಿ, ಕೊನೆಗೆ ಕಾಣದಂತಾಗುತ್ತದೆ. ಹಿಂದಲೆಯ ಕೂದಲಿಗೆ ಸಾಮಾನ್ಯವಾಗಿ ಈ ತೊಂದರೆ ಇಲ್ಲ. ಈ ಗುಣ ತಂದೆಯ ಕಡೆಯಿಂದಲೂ ಬರಬಹುದು, ತಾಯಿಯ ಕಡೆಯಿಂದಲೂ ಬರಬಹುದು. ಹೆಲ್ಮೆಟ್ಟಿನಿಂದ ಬೋಳಾಗುವುದಿಲ್ಲ, ತಲೆ ಬೋಳಿಸಿದರೆ ಕೂದಲು ದಟ್ಟವಾಗುವುದೂ ಇಲ್ಲ.

ಎಲ್ಲವೂ ಬೋಳಲ್ಲ

ಟೈಫಾಯ್ಡ್, ಡೆಂಗಿ, ಕೋವಿಡ್‌ನಂಥ ಜ್ವರ ಬಂದು ಹೋದ ಎರಡು–ಮೂರು ತಿಂಗಳಿಗೆ ಕೂದಲು ಹಿಡಿ ಹಿಡಿಯಾಗಿ ಉದುರಬಹುದು. ಊಟ ಬಿಟ್ಟು ತೂಕ ಇಳಿಸಿದವರಿಗೂ ಹೀಗಾಗುತ್ತದೆ. ಇದು ಸಾಮಾನ್ಯವಾಗಿ ಕೆಲವು ತಿಂಗಳಲ್ಲಿ ತಾನಾಗಿಯೇ ಸರಿಹೋಗುತ್ತದೆ. ನಾಣ್ಯದಗಲ ಕೂದಲು ಹೋದರೆ ‘ಹುಳ ತಿಂದಿದೆ’ ಎನ್ನುತ್ತಾರೆ. ಅಲ್ಲಿ ಬಹುಮಟ್ಟಿಗೆ ಹುಳವೇನೂ ಇರುವುದಿಲ್ಲ, ದೇಹದ ರೋಗನಿರೋಧಕ ಶಕ್ತಿಯೇ ಕೂದಲ ಬುಡದ ಮೇಲೆ ತಿರುಗಿಬಿದ್ದಿರುತ್ತದೆ. ಇದರ ಚಿಕಿತ್ಸೆ ಬೇರೆ. ಥೈರಾಯ್ಡ್ ತೊಂದರೆ, ರಕ್ತಹೀನತೆಗಳೂ ಕಾರಣವಾಗಬಹುದು. ಆದ್ದರಿಂದ ಮೊದಲು ವೈದ್ಯರಿಗೆ ತಲೆ ತೋರಿಸಿ, ಆಮೇಲೆ ಔಷಧ ಕೊಳ್ಳಿ.

ಔಷಧಗಳು

ಮಿನಾಕ್ಸಿಡಿಲ್ ಮೊದಲು ರಕ್ತದೊತ್ತಡದ ಮಾತ್ರೆಯಾಗಿತ್ತು. ಸೇವಿಸಿದವರ ಮೈಮೇಲೆ ಕೂದಲು ಬೆಳೆದದ್ದು ಕಂಡು ಹಚ್ಚುವ ದ್ರಾವಣ ತಯಾರಾಯಿತು. 1988ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಪಡೆಯಿತು. ಗಂಡಸರು ಸಾಮಾನ್ಯವಾಗಿ ಶೇಕಡಾ 5ರ ದ್ರಾವಣವನ್ನು ದಿನಕ್ಕೆರಡು ಬಾರಿ, ಒಂದೊಂದು ಮಿ.ಲೀ.ನಷ್ಟು, ಒಣ ನೆತ್ತಿಯ ಚರ್ಮಕ್ಕೆ ತಾಗುವಂತೆ ಹಚ್ಚುತ್ತಾರೆ. ಮೊದಲ ವಾರಗಳಲ್ಲಿ ಕೂದಲು ಹೆಚ್ಚು ಉದುರಬಹುದು. ಹಳೆಯ ಕೂದಲು ಹೊಸದಕ್ಕೆ ಜಾಗ ಬಿಡುತ್ತಿರುತ್ತದೆ, ಅಷ್ಟೆ. ನಮ್ಮ ಯುವಕ ಹೆದರಿ ಔಷಧ ಬಿಟ್ಟದ್ದು ಇಲ್ಲಿಯೇ! ಫಲ ಕಾಣಲು ನಾಲ್ಕರಿಂದ ಆರು ತಿಂಗಳು ಬೇಕು. ತುರಿಕೆ ಆಗಬಹುದು. ಹೃದಯರೋಗಿಗಳು ವೈದ್ಯರನ್ನು ಕೇಳದೆ ಬಳಸಬಾರದು.

ಫಿನಾಸ್ಟರೈಡ್ ಮಾತ್ರೆ ಡಿಎಚ್‌ಟಿ ತಯಾರಿಕೆಯನ್ನೇ ತಗ್ಗಿಸುತ್ತದೆ. ಕೂದಲಿಗೆ ದಿನಕ್ಕೆ 1 ಮಿ.ಗ್ರಾಂ. ಅನೇಕರಲ್ಲಿ ಉದುರುವಿಕೆ ನಿಲ್ಲುತ್ತದೆ. ಕೆಲವರಲ್ಲಿ ಮಾತ್ರ ಲೈಂಗಿಕ ಆಸಕ್ತಿ, ಸಾಮರ್ಥ್ಯ ಕುಗ್ಗಬಹುದು, ಮನಸ್ಸು ಮಂಕಾಗಬಹುದು. ಬಹುತೇಕರಲ್ಲಿ ಮಾತ್ರೆ ಬಿಟ್ಟರೆ ಇದು ಹೋಗುತ್ತದೆ. ಬಿಟ್ಟ ಮೇಲೂ ತೊಂದರೆ ಉಳಿದ ವರದಿಗಳಿವೆ. ಸಂಕೋಚ ಬಿಟ್ಟು ವೈದ್ಯರಿಗೆ ಹೇಳಿ. ಗರ್ಭಿಣಿಯರು ಒಡೆದ ಮಾತ್ರೆಯನ್ನು ಮುಟ್ಟಬಾರದು. ಹೊಟ್ಟೆಯಲ್ಲಿರುವ ಗಂಡು ಮಗುವಿನ ಜನನಾಂಗದ ಬೆಳವಣಿಗೆಗೆ ಅಪಾಯವಿದೆ. ಪ್ರಾಸ್ಟೇಟ್‌ಗಾಗಿ ಮಾಡುವ ಪಿಎಸ್‌ಎ ರಕ್ತಪರೀಕ್ಷೆಯ ಅಂಕಿಯನ್ನು ಈ ಮಾತ್ರೆ ಸುಮಾರು ಅರ್ಧಕ್ಕಿಳಿಸುತ್ತದೆ. ಪರೀಕ್ಷೆಗೆ ಹೋಗುವವರು ಮಾತ್ರೆಯ ವಿಷಯ ಮುಚ್ಚಿಡಬಾರದು.

ಎರಡೂ ಔಷಧಗಳನ್ನು ಬಳಸುತ್ತಲೇ ಇರಬೇಕು. ಬಿಟ್ಟರೆ ಗಳಿಸಿದ ಕೂದಲು ಕೆಲವು ತಿಂಗಳಲ್ಲಿ ಹೋಗುತ್ತದೆ.

ಎಣ್ಣೆ ಕೂದಲಿಗೆ ಹೊಳಪು ಕೊಡುತ್ತದೆ, ಬೋಳನ್ನು ತಡೆಯುವುದಿಲ್ಲ. ಬಯೋಟಿನ್ ಕೊರತೆ ಬಲು ಅಪರೂಪ. ಅದರ ಹೆಚ್ಚು ಪ್ರಮಾಣದ ಮಾತ್ರೆಗಳು ಥೈರಾಯ್ಡ್‌ನಂಥ ರಕ್ತಪರೀಕ್ಷೆಗಳ ಫಲಿತಾಂಶವನ್ನೇ ತಪ್ಪಾಗಿಸಬಲ್ಲವು.

ಕೂದಲು ನಾಟಿ

ಹಿಂದಲೆಯ ಕೂದಲನ್ನು ಬುಡಸಮೇತ ತೆಗೆದು ಮುಂದಲೆಗೆ ನೆಡುವುದೇ ಕೂದಲು ಕಸಿ. ನೆಟ್ಟ ಕೂದಲು ಮೊದಲು ಉದುರಿ, ಮತ್ತೆ ಬೆಳೆಯುತ್ತದೆ. ಪೂರ್ತಿ ಫಲಕ್ಕೆ ಸುಮಾರು ಒಂದು ವರ್ಷ. ಹಿಂದಲೆಯ ದಾಸ್ತಾನು ಮಿತವಾದ್ದರಿಂದ ಚಿಕ್ಕ ವಯಸ್ಸಿನಲ್ಲಿ ಅವಸರ ಬೇಡ. ಇದು ಶಸ್ತ್ರಚಿಕಿತ್ಸೆ, ಕ್ಷೌರವಲ್ಲ. ಸೋಂಕು, ಅರಿವಳಿಕೆಯ ಅಪಾಯಗಳಿವೆ. ತರಬೇತಿ ಪಡೆದ ನೋಂದಾಯಿತ ವೈದ್ಯರೇ ಮಾಡಬೇಕೆಂದೂ, ವಿಡಿಯೋ ನೋಡಿ ಕಲಿತದ್ದು ತರಬೇತಿಯಲ್ಲವೆಂದೂ ರಾಷ್ಟ್ರೀಯ ವೈದ್ಯಕೀಯ ಆಯೋಗ 2022ರಲ್ಲಿ ಹೇಳಿದೆ. ಹಣ ಕಟ್ಟುವ ಮುನ್ನ ‘ಚಾಕು ಹಿಡಿಯುವವರು ಯಾರು?’ ಎಂದು ಕೇಳಿ.

ಆ ಯುವಕ ಹಚ್ಚುವ ಔಷಧವನ್ನು ಮತ್ತೆ ಆರಂಭಿಸಿದ. ಎಂಟು ತಿಂಗಳ ನಂತರ ಬಂದಾಗ ನೆತ್ತಿಯಲ್ಲಿ ಕೂದಲು ಸ್ವಲ್ಪ ತುಂಬಿತ್ತು. ಹಣೆ ಮಾತ್ರ ಹಾಗೆಯೇ ಇತ್ತು. ಕೂದಲನ್ನು ಗಿಡ್ಡವಾಗಿ ಕತ್ತರಿಸಿಕೊಂಡಿದ್ದ, ತಲೆ ಎತ್ತಿ ಮಾತನಾಡಿದ. ಬೋಳು ತಲೆ ಕಾಯಿಲೆಯಲ್ಲ. ಚಿಕಿತ್ಸೆ ಬೇಕೋ ಬೇಡವೋ ಎಂಬುದು ಅವರವರ ಇಷ್ಟ. ಆದರೆ ಮನೆಯವರು ದಿನವೂ ಅದನ್ನೇ ಆಡಿ ಹುಡುಗನ ಮನಸ್ಸು ಕೆಡಿಸಬಾರದು. ಅವನು ಊಟ, ನಿದ್ದೆ, ಗೆಳೆಯರನ್ನು ಬಿಟ್ಟು ಕೋಣೆ ಸೇರಿದ್ದರೆ, ಕೂದಲಿಗಿಂತ ಮೊದಲು ಆ ವಿಷಯವನ್ನು ವೈದ್ಯರಿಗೆ ತಿಳಿಸಿ.