ಡೆಂಗೀ ಜ್ವರವೂ ರಕ್ತದೊಳಗಣ ಕೊಬ್ಬೂ

ಜ್ವರವು ಇಳಿಯಿತೆಂದರೆ ಮನೆಮಂದಿಗೆಲ್ಲ ನೆಮ್ಮದಿಯಾಗುವುದು ಸಹಜವೇ ಸರಿ. ನಾಲ್ಕು ದಿನ ಕೆಂಡದಂತೆ ಸುಡುತ್ತಿದ್ದ ಮಗುವಿನ ಹಣೆಯು ತಣ್ಣಗಾದುದನ್ನು ಮುಟ್ಟಿ ನೋಡಿ, ಇನ್ನು ಭಯವಿಲ್ಲವೆಂದು ತಾಯಿಯು ಆ ರಾತ್ರಿ ಕಣ್ಣು ಮುಚ್ಚುತ್ತಾಳೆ. ಅಂತೆಯೇ, ರಕ್ತಪರೀಕ್ಷೆಯ ಕಾಗದದಲ್ಲಿ ಕೊಲೆಸ್ಟರಾಲ್ ಇಳಿದಿದೆಯೆಂದು ಕಂಡರೆ ವಯಸ್ಸಾದ ಯಜಮಾನರ ಮುಖವು ಅರಳುವುದು. ಆದರೆ ಡೆಂಗೀ ಜ್ವರದಲ್ಲಿ ಈ ಎರಡು ಇಳಿತಗಳನ್ನೂ ನಂಬುವಂತಿಲ್ಲ. ಮೊದಲನೆಯದು ಎಚ್ಚರದ ಹೊತ್ತು ಬಂದಿತೆಂದು ಸಾರುತ್ತದೆ. ಎರಡನೆಯದು ರೋಗವು ಬಲಿಯುವುದರ ಸೂಚನೆಯಾಗಿರಬಹುದು. ಇವೆರಡಕ್ಕೂ ಇರುವ ನಂಟನ್ನು ನಮ್ಮ ವಾಚಕರ ಮುಂದಿಡಬೇಕೆಂದು ಈ ಲೇಖನವನ್ನು ಬರೆಯುತ್ತಿರುವೆವು.

ಹಗಲಿನಲ್ಲಿ ಕಚ್ಚುವ ಈಡಿಸ್ ಜಾತಿಯ ಹೆಣ್ಣು ಸೊಳ್ಳೆಯು ತೊಟ್ಟಿ, ಡ್ರಮ್ಮು, ತೆಂಗಿನ ಚಿಪ್ಪುಗಳಲ್ಲಿ ನಿಂತ ತಿಳಿನೀರಿನಲ್ಲಿ ಬೆಳೆಯುತ್ತದೆಂಬುದನ್ನು ಈಗ ಶಾಲೆಯ ಮಕ್ಕಳೂ ಬಲ್ಲರು. ಅದನ್ನಿಲ್ಲಿ ವಿಸ್ತರಿಸುವುದಿಲ್ಲ. ರೋಗಕ್ಕೆ ಕಾರಣವಾದ ವೈರಸ್ಸನ್ನು 1943ರಲ್ಲಿ ಜಪಾನಿನ ಕಿಮುರಾ ಮತ್ತು ಹೊಟ್ಟಾ ಎಂಬ ವಿದ್ವಾಂಸರು ಬೇರ್ಪಡಿಸಿದರು. ಮರುವರ್ಷ ಅಮೆರಿಕದ ಆಲ್ಬರ್ಟ್ ಸೇಬಿನ್ ಅವರು ಸೈನಿಕರ ರಕ್ತದಿಂದ ಅದನ್ನು ಪಡೆದರು. ಆ ಸೈನಿಕರಲ್ಲಿ ಕಲಕತ್ತೆಯಲ್ಲಿ ಜ್ವರ ಹಿಡಿದವರೂ ಇದ್ದರು. ಮಕ್ಕಳ ಬಾಯಿಗೆ ಹಾಕುವ ಪೋಲಿಯೋ ಹನಿಯನ್ನು ಮುಂದೆ ಸಿದ್ಧಪಡಿಸಿದ ಮಹನೀಯರು ಇವರೇ.

ಈ ವೈರಸ್ಸಿನಲ್ಲಿ ನಾಲ್ಕು ಬಗೆಗಳುಂಟು. ಒಂದು ಬಗೆಯಿಂದ ನರಳಿ ಗುಣವಾದವನಿಗೆ ಆ ಬಗೆಯು ಮತ್ತೆ ಸೋಂಕದು. ಆದರೆ ಬೇರೊಂದು ಬಗೆಯು ಬಂದಾಗ ಹಳೆಯ ಪ್ರತಿಕಾಯಗಳು ಅದನ್ನು ಕೊಲ್ಲಲಾರದೆ, ಕೆಲವೊಮ್ಮೆ ಅದಕ್ಕೆ ಜೀವಕೋಶದ ಬಾಗಿಲನ್ನೇ ತೆರೆದುಕೊಡುತ್ತವೆ. ಕ್ಯೂಬಾ ದ್ವೀಪದಲ್ಲಿ 1977ರಲ್ಲಿ ಒಂದನೆಯ ಬಗೆಯು ಹರಡಿತು. 1981ರಲ್ಲಿ ಎರಡನೆಯದು ಬಂದಾಗ 158 ಜನ ತೀರಿಕೊಂಡರು. ನಮ್ಮ ದೇಶದಲ್ಲಿ 1996ರಲ್ಲಿ ದೆಹಲಿಯು ಇಂಥ ಹಾವಳಿಯಿಂದ ತತ್ತರಿಸಿ, ನಾನೂರಕ್ಕೂ ಹೆಚ್ಚು ಜನ ಮಡಿದರು. ಕರ್ನಾಟಕ ಸರ್ಕಾರವು 2024ರ ಸೆಪ್ಟೆಂಬರಿನಲ್ಲಿ ಡೆಂಗೀಯನ್ನು ಸಾಂಕ್ರಾಮಿಕ ರೋಗವೆಂದು ಘೋಷಿಸಿದುದು ವಾಚಕರ ನೆನಪಿನಲ್ಲಿರಬಹುದು.

ಇನ್ನು ಕೊಬ್ಬಿನ ವಿಚಾರ. ಸಾರಿಗೆ ಹಾಕಿದ ಒಗ್ಗರಣೆಯ ಎಣ್ಣೆಯು ಮೇಲೆ ತೇಲುವುದೇ ಹೊರತು ಬೆರೆಯುವುದಿಲ್ಲವಷ್ಟೆ. ರಕ್ತವೂ ಬಹುಪಾಲು ನೀರೇ ಆದುದರಿಂದ ಅದರಲ್ಲಿ ಕೊಬ್ಬು ತಾನಾಗಿ ಕರಗಲಾರದು. ಅದಕ್ಕಾಗಿ ಶರೀರವು ಕೊಬ್ಬನ್ನು ಪ್ರೋಟೀನಿನಲ್ಲಿ ಸುತ್ತಿ ಸಣ್ಣ ಸಣ್ಣ ಮೂಟೆಗಳಾಗಿ ಕಟ್ಟಿ ರಕ್ತದಲ್ಲಿ ಸಾಗಿಸುತ್ತದೆ. ಎಲ್.ಡಿ.ಎಲ್., ಎಚ್.ಡಿ.ಎಲ್. ಎಂದು ಪರೀಕ್ಷೆಯ ಕಾಗದದಲ್ಲಿ ಬರೆದಿರುವುದು ಈ ಮೂಟೆಗಳ ಹೆಸರೇ. ಕೊಲೆಸ್ಟರಾಲ್ ಎಂದೊಡನೆ ಹೃದಯರೋಗವನ್ನು ನೆನೆದು ಬೆಚ್ಚುವುದು ಈಗಿನ ರೂಢಿಯಾಗಿದೆ. ಆದರೆ ಪ್ರತಿಯೊಂದು ಜೀವಕೋಶದ ಗೋಡೆಗೂ ಅದು ಬೇಕೇ ಬೇಕು.

ಈ ಕೊಬ್ಬು ವೈರಸ್ಸಿಗೂ ಬೇಕು. ಅದರ ಮೈಹೊದಿಕೆಯಲ್ಲಿರುವ ಕೊಬ್ಬು ನಮ್ಮ ಜೀವಕೋಶದಿಂದ ಕದ್ದುದು. ಜೀವಕೋಶವನ್ನು ಹೊಕ್ಕ ಮೇಲೆ ಅಲ್ಲಿ ಕೂಡಿಟ್ಟ ಕೊಬ್ಬಿನ ಹನಿಗಳನ್ನು ಒಡೆಯಿಸಿ, ಆ ಶಕ್ತಿಯಿಂದ ತನ್ನ ಸಂತಾನವನ್ನು ಹೆಚ್ಚಿಸಿಕೊಳ್ಳುತ್ತದೆ. ಎನ್.ಎಸ್.1 ಎಂಬ ಪ್ರೋಟೀನನ್ನು ವೈರಸ್ಸು ರಕ್ತಕ್ಕೆ ಬಿಡುತ್ತದೆ. ಜ್ವರದ ಮೊದಲ ದಿನಗಳಲ್ಲಿ ಪ್ರಯೋಗಶಾಲೆಯವರು ಹುಡುಕುವುದು ಇದನ್ನೇ. ಇದು ಪೀಪಾಯಿಯ ಆಕಾರದ್ದು; ಪೀಪಾಯಿಯ ಒಳಗೆ ತುಂಬಿರುವುದೂ ಕೊಬ್ಬೇ! ಕಳ್ಳನು ಮನೆಯ ಪಾತ್ರೆಯಲ್ಲೇ ಮನೆಯ ತುಪ್ಪವನ್ನು ಹೊತ್ತೊಯ್ದಂತಾಯಿತು.

ಈ ಎನ್.ಎಸ್.1 ಮಾಡುವ ಹಾನಿಯು ಇಷ್ಟಕ್ಕೆ ನಿಲ್ಲುವುದಿಲ್ಲ. ರಕ್ತನಾಳಗಳ ಒಳಮೈಗೆ ಮಕಮಲ್ಲಿನಂಥ ನವುರಾದ ಒಂದು ಲೇಪವಿರುತ್ತದೆ. ಈ ಪ್ರೋಟೀನು ಆ ಲೇಪವನ್ನು ಕೆಡಿಸುತ್ತದೆಂದೂ, ಬಿಳಿಯ ರಕ್ತಕಣಗಳನ್ನು ಕೆರಳಿಸುತ್ತದೆಂದೂ ಸಂಶೋಧನೆಗಳು ತೋರಿಸಿದುವು. ಕೆರಳಿದ ಕಣಗಳು ಉರಿಯೂತದ ರಸಗಳನ್ನು ಸುರಿಸುತ್ತವೆ. ಗಾಯದ ಸುತ್ತ ಚರ್ಮವು ಕೆಂಪೇರಿ ಊದಿಕೊಳ್ಳುವುದು ಉರಿಯೂತದಿಂದಲೇ ಎಂಬುದು ಸರ್ವರಿಗೂ ತಿಳಿದುದು. ಇಲ್ಲಿ ಅದು ಮೈಯೊಳಗಿನ ಕೂದಲೆಳೆಗಿಂತ ಸಣ್ಣ ನಾಳಗಳಲ್ಲೆಲ್ಲ ಏಕಕಾಲದಲ್ಲಿ ನಡೆಯುತ್ತದೆ. ನಾಳಗಳು ಸಡಿಲಿ, ರಕ್ತದ ನೀರೂ ಪ್ರೋಟೀನೂ ಅವುಗಳ ಜೊತೆಗೆ ಕೊಬ್ಬಿನ ಮೂಟೆಗಳೂ ಹೊರಕ್ಕೆ ಸೋರಿ, ಎದೆಯ ಗೂಡಿನಲ್ಲಿಯೂ ಹೊಟ್ಟೆಯಲ್ಲಿಯೂ ಸೇರಿಕೊಳ್ಳುತ್ತವೆ. ಮೊಸರನ್ನು ಬಟ್ಟೆಯಲ್ಲಿ ಕಟ್ಟಿ ತೂಗುಹಾಕಿದರೆ ನೀರು ಜಿನುಗಿ ಗಟ್ಟಿಯ ಭಾಗವು ಉಳಿಯುವಂತೆ, ನಾಳದೊಳಗೆ ರಕ್ತವು ಮಂದವಾಗುತ್ತದೆ. ಕಾಗದದಲ್ಲಿ ಪಿ.ಸಿ.ವಿ. ಎಂದು ಬರೆದಿರುವ ಅಂಕಿಯು ಏರುವುದು ಇದರಿಂದಲೇ. ಸೋರಿಕೆಯು ಮಿತಿಮೀರಿದರೆ ರಕ್ತದ ಒತ್ತಡವು ಕುಸಿದು ಪ್ರಾಣಕ್ಕೇ ಅಪಾಯವಾಗುತ್ತದೆ. ಇಷ್ಟೆಲ್ಲ ನಡೆಯುವುದು ಸಾಮಾನ್ಯವಾಗಿ ಮೂರರಿಂದ ಏಳನೆಯ ದಿನದೊಳಗೆ, ಜ್ವರವು ಇಳಿಯುವ ಹೊತ್ತಿನಲ್ಲಿ! ಒಂದೆರಡು ದಿನ ಈ ಅವಸ್ಥೆಯು ಇರುವುದು.

ರಕ್ತದ ಕೊಬ್ಬು ಹೀಗೆ ಸೋರಿಯೂ, ವೈರಸ್ಸಿಗೆ ಬಳಕೆಯಾಗಿಯೂ, ಉರಿಯೂತದಲ್ಲಿ ಯಕೃತ್ತಿನ ಕೆಲಸವು ಏರುಪೇರಾಗಿಯೂ ತಗ್ಗುತ್ತದೆಂದು ಬಲ್ಲವರು ಊಹಿಸುತ್ತಾರೆ. ಯಾವುದರ ಪಾಲು ಎಷ್ಟೆಂಬುದು ಇನ್ನೂ ಇತ್ಯರ್ಥವಾಗಿಲ್ಲ. ಇಂಡೊನೇಷ್ಯದ ಮಕ್ಕಳನ್ನು ಪರೀಕ್ಷಿಸಿ 2002ರಲ್ಲಿ ಪ್ರಕಟಿಸಿದ ವರದಿಯಲ್ಲಿ, ರೋಗವು ತೀವ್ರವಾದವರಲ್ಲಿ ಕೊಲೆಸ್ಟರಾಲ್ ತಗ್ಗಿದುದು ಕಂಡಿತು. ನಿಕರಾಗುವ ದೇಶದಿಂದ 2015ರಲ್ಲಿ ಬಂದ ವರದಿಯು ಮತ್ತೊಂದು ಹೆಜ್ಜೆ ಮುಂದೆ ಹೋಗಿ, ಆಸ್ಪತ್ರೆಗೆ ಬಂದಾಗಲೇ ಎಲ್.ಡಿ.ಎಲ್. ಕಡಮೆಯಿದ್ದವರಲ್ಲಿ ರೋಗವು ಮುಂದೆ ಬಿಗಡಾಯಿಸುವ ಸಂಭವವು ಹೆಚ್ಚೆಂದು ತಿಳಿಸಿತು. ಹಾಗೆಂದು, ಜ್ವರ ಬಂದ ಕೂಡಲೆ ಕೊಲೆಸ್ಟರಾಲ್ ಪರೀಕ್ಷೆಗೆ ಓಡಬೇಕಾಗಿಲ್ಲ. ಚಿಕಿತ್ಸೆಯನ್ನು ಗೊತ್ತುಮಾಡಲು ವೈದ್ಯರು ನೋಡುವುದು ಪಿ.ಸಿ.ವಿ., ನಾಡಿ, ರಕ್ತದ ಒತ್ತಡ ಇವುಗಳನ್ನೇ.

ಕೊಬ್ಬು ತಗ್ಗಿತೆಂದಮೇಲೆ ರೋಗಿಗೆ ತುಪ್ಪ ಬೆಣ್ಣೆಗಳನ್ನು ಬಡಿಸಿ ತುಂಬಿಕೊಡೋಣವೆಂದು ನಮ್ಮ ಅಜ್ಜಿಯರಿಗೆ ತೋರಬಹುದು. ಅವರ ಅಂತಃಕರಣವು ದೊಡ್ಡದು, ಆದರೆ ಉಪಾಯವು ಸರಿಯಲ್ಲ. ಊಟವಿಲ್ಲದೆ ತಗ್ಗಿದ ಕೊಬ್ಬು ಇದಲ್ಲ. ಯಕೃತ್ತು ನೊಂದು ಓಕರಿಕೆಯಿರುವಾಗ ಜಿಡ್ಡು ಪದಾರ್ಥವು ಒಗ್ಗುವುದೂ ಇಲ್ಲ. ಗಂಜಿ, ನೀರುಮಜ್ಜಿಗೆ, ಎಳನೀರು, ಓ.ಆರ್.ಎಸ್. ನೀರು ಇವುಗಳನ್ನು ಗುಟುಕು ಗುಟುಕಾಗಿ ಕೊಡುತ್ತಿರಬೇಕು. ಇದಕ್ಕೆ ವಿರುದ್ಧವಾದ ಉಪಾಯವನ್ನು ವಿಯೆಟ್ನಾಮಿನ ವೈದ್ಯರು ಪರೀಕ್ಷಿಸಿ ನೋಡಿದರು. ಕೊಲೆಸ್ಟರಾಲನ್ನು ಇಳಿಸುವ ಲೋವಾಸ್ಟಾಟಿನ್ ಗುಳಿಗೆಯು ಉರಿಯೂತವನ್ನೂ ತಗ್ಗಿಸುವುದರಿಂದ, 300 ಮಂದಿ ರೋಗಿಗಳನ್ನು ಸೇರಿಸಿಕೊಂಡು ಅದನ್ನು ಒರೆಗೆ ಹಚ್ಚಿದರು. ಅಪಾಯವೇನೂ ಆಗಲಿಲ್ಲ, ಉಪಯೋಗವೂ ಕಾಣಲಿಲ್ಲವೆಂದು 2016ರಲ್ಲಿ ವರದಿಯಾಯಿತು. ಉರಿಯೂತವನ್ನು ಅಡಗಿಸುವ ಸ್ಟಿರಾಯ್ಡ್ ಔಷಧದ ಕಥೆಯೂ ಇಷ್ಟೇ.

ಪ್ಲೇಟ್‌ಲೆಟ್ ಎಂಬ ಮಾತನ್ನು ನಾವಿನ್ನೂ ಎತ್ತಲಿಲ್ಲವೆಂದು ವಾಚಕರಿಗೆ ಅಚ್ಚರಿಯಾದೀತು. ನಮ್ಮಲ್ಲಿ ಡೆಂಗೀ ಎಂದರೆ ಪ್ಲೇಟ್‌ಲೆಟ್ ಎಣಿಕೆಯೇ ಎಂಬಂತಾಗಿಬಿಟ್ಟಿದೆ. ಎಣಿಕೆಯು ಇಳಿಯುವುದು ನಿಜ. ಅದನ್ನು ನೋಡುತ್ತಿರಬೇಕಾದುದೂ ನಿಜ. ಆದರೆ ಈ ರೋಗದಲ್ಲಿ ಹೆಚ್ಚಾಗಿ ಪ್ರಾಣ ತೆಗೆಯುವುದು ಸೋರಿಕೆ. ರಕ್ತಸ್ರಾವವಿಲ್ಲದವರಿಗೆ ಮುಂಜಾಗ್ರತೆಯೆಂದು ಪ್ಲೇಟ್‌ಲೆಟ್ ಏರಿಸುವುದರಿಂದ ಲಾಭವಿಲ್ಲವೆಂದು ಸಿಂಗಪುರ ಮತ್ತು ಮಲೇಷ್ಯಗಳಲ್ಲಿ ನಡೆದು 2017ರಲ್ಲಿ ಪ್ರಕಟವಾದ ಪರೀಕ್ಷೆಯು ತೋರಿಸಿತು. ಪರಂಗಿ ಎಲೆಯ ರಸವನ್ನು ಮೂಗು ಹಿಡಿದು ಕುಡಿಸುವ ಮನೆಗಳು ಬಹಳ. ಎಣಿಕೆಯು ಸ್ವಲ್ಪ ಏರಿದರೂ ಸೋರುವ ನಾಳವು ಅದರಿಂದ ಮುಚ್ಚದು; ಆ ಕಹಿಗೆ ವಾಂತಿಯಾದರೆ ಕುಡಿದ ನೀರೂ ಹೋಯಿತು, ವಾಂತಿಯು ರೋಗದಿಂದಲೋ ರಸದಿಂದಲೋ ಎಂಬುದೂ ತಿಳಿಯದಾಯಿತು.

ಆದುದರಿಂದ ಥರ್ಮಾಮೀಟರು ಇಳಿದ ದಿನ ಮನೆಯವರು ನೋಡತಕ್ಕುದೇನೆಂದರೆ: ಹೊಟ್ಟೆಯಲ್ಲಿ ಬಿಡದೆ ನೋವಿದೆಯೇ, ವಾಂತಿಯು ನಿಲ್ಲುತ್ತಿಲ್ಲವೇ, ವಸಡಿನಿಂದಲೋ ಮೂಗಿನಿಂದಲೋ ರಕ್ತ ಬರುತ್ತಿದೆಯೇ, ಮಲವು ಕಪ್ಪಾಗಿದೆಯೇ, ಕೈಕಾಲುಗಳು ತಣ್ಣಗಾಗಿವೆಯೇ, ಮೂತ್ರವು ಕಡಮೆಯಾಗಿದೆಯೇ, ರೋಗಿಯು ಮಂಕಾಗಿರುವನೇ ಅಥವಾ ಸುಮ್ಮನೆ ಚಡಪಡಿಸುತ್ತಿರುವನೇ? ಇವುಗಳಲ್ಲಿ ಒಂದು ಕಂಡರೂ ಬೆಳಗಾಗಲೆಂದು ಕಾಯದೆ ಆಸ್ಪತ್ರೆಗೆ ಕರೆದೊಯ್ಯಬೇಕು. ಜ್ವರಕ್ಕೂ ಮೈಕೈ ನೋವಿಗೂ ವೈದ್ಯರು ಹೇಳಿದ ಅಳತೆಯಲ್ಲಿ ಪ್ಯಾರಾಸಿಟಮಾಲ್ ಸಾಕು. ಆಸ್ಪಿರಿನ್, ಐಬುಪ್ರೊಫೆನ್‌ಗಳೂ ನೋವಿನ ಇಂಜೆಕ್ಷನ್ನುಗಳೂ ರಕ್ತಸ್ರಾವವನ್ನು ಹೆಚ್ಚಿಸುವುದರಿಂದ ಅವು ಕೂಡದು. ಹೃದಯದ ತೊಂದರೆಗಾಗಿ ಆಸ್ಪಿರಿನ್ನನ್ನೋ ಕೊಲೆಸ್ಟರಾಲ್ ಗುಳಿಗೆಯನ್ನೋ ನಿತ್ಯವೂ ಸೇವಿಸುವವರು ಆ ಸಂಗತಿಯನ್ನು ಮೊದಲ ದಿನವೇ ವೈದ್ಯರಿಗೆ ತಿಳಿಸತಕ್ಕದ್ದು.

ಆ ಎರಡು ದಿನ ಕಳೆದರೆ ಸೋರಿದ ನೀರು ತಾನಾಗಿಯೇ ನಾಳಗಳಿಗೆ ಹಿಂದಿರುಗುತ್ತದೆ. ಆಗಲೂ ಡ್ರಿಪ್ ಹಾಕುತ್ತಲೇ ಹೋದರೆ ಎದೆಯಲ್ಲಿ ನೀರು ತುಂಬಿ ಉಸಿರು ಕಟ್ಟೀತು. ವೈದ್ಯರು ಬಾಟಲಿಯನ್ನು ತೆಗೆದಾಗ, ಇನ್ನೊಂದು ಹಾಕಿರೆಂದು ಬಂಧುಗಳು ಒತ್ತಾಯಿಸಬಾರದು. ಹಸಿವು ಮರಳಿ, ಮೈಮೇಲೆ ಕೆಂಪು ದದ್ದು ಎದ್ದು ನವೆಯಾಗುವುದೂ ಈ ಸಮಯದಲ್ಲಿಯೇ. ರಕ್ತದ ಕೊಬ್ಬು ಮಾತ್ರ ನಿಧಾನವಾಗಿ ಮೇಲೇರುವುದು. ಹೃದಯದ ಸಲುವಾಗಿ ಕೊಲೆಸ್ಟರಾಲ್ ಪರೀಕ್ಷೆ ಮಾಡಿಸಬೇಕೆಂದಿರುವವರು ಜ್ವರ ಬಿಟ್ಟ ಮೇಲೆ ಕೆಲವು ವಾರಗಳಾದರೂ ತಾಳಿ ಮಾಡಿಸುವುದು ಒಳ್ಳೆಯದು; ಅದಕ್ಕೆ ಮೊದಲು ಬರುವ ಅಂಕಿಯು ರೋಗದ ಅಂಕಿಯೇ ಹೊರತು ಅವರದಲ್ಲ.