ವಿದ್ಯುತ್ತು ಮರಳಿದ ಮೇಲಿನ ವಿಳಂಬ: ಫ್ಲ್ಯಾಷ್ ಸ್ಮೃತಿಯ ಕಡತ ಪರಿಶೀಲನೆ

ನಾಶಿಕದ ಸಾತಪುರ, ಅಂಬಡಗಳಲ್ಲಾಗಲಿ ಛತ್ರಪತಿ ಸಂಭಾಜಿನಗರದ ವಾಳೂಜ, ಚಿಕಲಠಾಣಾಗಳಲ್ಲಾಗಲಿ, ವಿದ್ಯುತ್ತು ಹೋಗಿ ಮರಳಿದಾಗ ದೀಪಗಳು ಒಡನೆಯೇ ಬೆಳಗುತ್ತವೆ. ಆದರೆ ಕಾರ್ಖಾನೆಯ ಗೋಡೆಗೆ ಜಡಿದ, ಉಷ್ಣತೆಯನ್ನೋ ಒತ್ತಡವನ್ನೋ ಅಳೆದು ಬರೆದಿಡುವ ಪುಟ್ಟ ಗಣಕಪೆಟ್ಟಿಗೆಗಳಲ್ಲಿ ಕೆಲವು ಬಹು ಹೊತ್ತು ಮೂಕವಾಗಿರುವುದುಂಟು. ಅದು ಕೆಟ್ಟಿತೆಂದು ಬಗೆದು ಯಾರಾದರೂ ಗುಂಡಿಯನ್ನು ಆರಿಸಿ ಮತ್ತೆ ಹೊತ್ತಿಸಿದರೆ ವಿಳಂಬವು ಮೊದಲಿನಿಂದ ಆರಂಭವಾಗುತ್ತದೆ. ವಾಸ್ತವವಾಗಿ ಪೆಟ್ಟಿಗೆಯು ಆಗ ಸುಮ್ಮನಿರುವುದಿಲ್ಲ; ತನ್ನ ಲೆಕ್ಕವನ್ನು ತಾಳೆ ನೋಡುತ್ತಿರುತ್ತದೆ. ಈ ತಾಳೆಗೆ ಇಷ್ಟು ಕಾಲವೇಕೆ ಎಂಬುದೇ ಪ್ರಸ್ತುತ ವಿಚಾರ.

ಇಂತಹ ಪೆಟ್ಟಿಗೆಗಳಲ್ಲಿ ತಿರುಗುವ ತಟ್ಟೆಗಳಿಲ್ಲ. ಇರುವುದು ಫ್ಲ್ಯಾಷ್ ಸ್ಮೃತಿ. ಜಪಾನಿನ ತೋಷಿಬಾ ಸಂಸ್ಥೆಯ ಫುಜಿಯೊ ಮಸುವೊಕ ಇದನ್ನು 1984ರಲ್ಲಿ ವಿದ್ವಾಂಸರ ಮುಂದಿಟ್ಟನು. ವಿದ್ಯುತ್ತಿಲ್ಲದೆಯೂ ಬರೆದದ್ದು ಉಳಿಯುವುದು ಇದರ ಗುಣ. ಬರೆದ ಪುಟವನ್ನು ಅಲ್ಲಿಯೇ ತಿದ್ದಲಾಗದಿರುವುದು ಇದರ ದೋಷ. ಸಾಮಾನ್ಯವಾದ ಒಂದು ಬಗೆಯಲ್ಲಿ ಪುಟವೊಂದು 2 ಕಿಲೋಬೈಟ್. ಅಂತಹ 64 ಪುಟಗಳು ಸೇರಿ 128 ಕಿಲೋಬೈಟಿನ ಒಂದು ಖಂಡ. ಅಳಿಸುವುದಾದರೆ ಇಡೀ ಖಂಡವನ್ನೇ ಅಳಿಸಬೇಕು. ಅದೂ ಜಾತಿಗನುಸಾರ ಕೆಲವು ಸಾವಿರದಿಂದ ಸುಮಾರು ಒಂದು ಲಕ್ಷ ಸಲದವರೆಗೆ ಮಾತ್ರ. ಆದ್ದರಿಂದ ತಿದ್ದುಪಡಿಯಾದ ಬರಹವು ಹಳೆಯ ಸ್ಥಳಕ್ಕೆ ಹೋಗದೆ ಬೇರೆ ಖಾಲಿ ಪುಟಕ್ಕೆ ಹೋಗುತ್ತದೆ.

ಇಲ್ಲಿ ನಾಶಿಕದ ಸರಾಫ್ ಬಜಾರದ ಹಳೆಯ ಲೆಕ್ಕದ ಪದ್ಧತಿಯನ್ನು ನೆನೆದರೆ ವಿಷಯ ಸುಲಭವಾಗುತ್ತದೆ. ಕಿರ್ದಿ, ಖತಾವಣಿ ಎಂಬ ಮಾತುಗಳು ಕನ್ನಡ, ಮರಾಠಿಗಳೆರಡಕ್ಕೂ ಸಮಾನವಾದವು. ಕಿರ್ದಿಯಲ್ಲಿ ವ್ಯವಹಾರಗಳು ನಡೆದ ಕ್ರಮದಲ್ಲೇ ಬೀಳುತ್ತವೆ. ಖತಾವಣಿಯಲ್ಲಿ ಆಸಾಮಿವಾರು ವಿಂಗಡವಾಗುತ್ತವೆ. ಸ್ವೀಡನ್ನಿನ ಆಕ್ಸಿಸ್ ಸಂಸ್ಥೆಯು 1999ರಲ್ಲಿ ಹೊರತಂದ ಜೆಎಫ್‌ಎಫ್‌ಎಸ್ ಎಂಬ ಕಡತವ್ಯವಸ್ಥೆಯೂ, ರೆಡ್ ಹ್ಯಾಟ್ ಸಂಸ್ಥೆಯ ಡೇವಿಡ್ ವುಡ್‌ಹೌಸ್ 2001ರಲ್ಲಿ ರಚಿಸಿದ ಅದರ ಎರಡನೆಯ ಆವೃತ್ತಿಯೂ ಫ್ಲ್ಯಾಷಿನ ಮೇಲೆ ಕಿರ್ದಿಯನ್ನು ಮಾತ್ರ ಇಡುತ್ತವೆ. ಪ್ರತಿಯೊಂದು ನಮೂದಿಗೂ ಒಂದು ಕ್ರಮಸಂಖ್ಯೆ, ಒಂದು ತಾಳೆಯ ಅಂಕಿ ಉಂಟು. ಬರೆಯುತ್ತಿರುವಾಗಲೇ ವಿದ್ಯುತ್ತು ಹೋದರೆ ಅರ್ಧ ನಮೂದಿನ ಅಂಕಿ ತಾಳೆಯಾಗದು. ಅದನ್ನು ಬಿಟ್ಟು ಹಿಂದಿನದನ್ನೇ ನಂಬಲಾಗುತ್ತದೆ. ಖತಾವಣಿಯಾದರೋ ವಿದ್ಯುತ್ತಿರುವವರೆಗೆ ಬಾಳುವ ಕಾರ್ಯಸ್ಮೃತಿಯಲ್ಲಿ ಮಾತ್ರ. ಆದುದರಿಂದ ಪೆಟ್ಟಿಗೆಯನ್ನು ಕ್ರಮವಾಗಿ ಮುಚ್ಚಿದ್ದರೂ ಹಠಾತ್ತನೆ ಅದು ಆರಿದ್ದರೂ, ಪ್ರತಿ ಸಲವೂ ಕಿರ್ದಿಯನ್ನು ಮೊದಲಿನಿಂದ ಓದಿ ಖತಾವಣಿಯನ್ನು ಹೊಸದಾಗಿ ಕಟ್ಟಬೇಕು.

ಸ್ಮೃತಿ 256 ಮೆಗಾಬೈಟ್, ಓದುವ ವೇಗ ಸೆಕೆಂಡಿಗೆ 4 ಮೆಗಾಬೈಟ್ ಎಂದಿಟ್ಟುಕೊಂಡರೆ, ಎಲ್ಲವನ್ನೂ ಓದಲು 64 ಸೆಕೆಂಡು ಬೇಕು. ಇಷ್ಟಕ್ಕೇ ಮುಗಿಯದು. ಪೆಟ್ಟಿಗೆ ಎಚ್ಚೆತ್ತ ಮೇಲೆ ನಮೂದುಗಳ ತಾಳೆ ಹಿನ್ನೆಲೆಯಲ್ಲಿ ಮುಂದುವರಿಯುತ್ತದೆ. ಅದು ಮುಗಿಯದೆ ರದ್ದಾದ ನಮೂದುಗಳನ್ನು ಅಳಿಸಿ ಜಾಗ ಬಿಡಿಸುವಂತಿಲ್ಲ. ಖಾಲಿ ಖಂಡಗಳು ಕಡಮೆಯಿದ್ದರೆ ಮೊದಲ ಹೊಸ ಬರಹವೂ ಕಾದು ನಿಲ್ಲುತ್ತದೆ. ಆ ಅವಧಿಯಲ್ಲಿ ಅಳೆದದ್ದು ಕಾರ್ಯಸ್ಮೃತಿಯಲ್ಲಿದ್ದು, ವಿದ್ಯುತ್ತು ಮತ್ತೊಮ್ಮೆ ಹೋದರೆ, ಯಾವ ದಾಖಲೆಗೂ ಸೇರದೆ ಹೋಗುತ್ತದೆ. ವಿದ್ಯುತ್ತು ಹೋದ ಬಳಿಕ ಕುಲುಮೆ ಎಷ್ಟು ತಣಿಯಿತೆಂಬುದನ್ನು ತಿಳಿಯಬೇಕಾದವನಿಗೆ ಬೇಕಾದದ್ದು ಅದೇ ದಾಖಲೆ!

ಇನ್ನೊಂದು ಅಪಾಯವೂ ಉಂಟು. ಇಂತಹ ಪೆಟ್ಟಿಗೆಗಳಲ್ಲಿ ಸಾಮಾನ್ಯವಾಗಿ ಕಾವಲು ಗಡಿಯಾರವೊಂದಿದ್ದು, ನಿಯತ ಅವಧಿಯಲ್ಲಿ ಉತ್ತರ ಬಾರದಿದ್ದರೆ ಯಂತ್ರವನ್ನು ತಾನಾಗಿಯೇ ಪುನರಾರಂಭಿಸುತ್ತದೆ. ತಾಳೆಗೆ ಒಂದು ನಿಮಿಷ ಬೇಕಾಗಿ ಗಡಿಯಾರದ ತಾಳ್ಮೆ ಅರ್ಧ ನಿಮಿಷದ್ದಾದರೆ ಪೆಟ್ಟಿಗೆ ಎಂದಿಗೂ ಎಚ್ಚರಗೊಳ್ಳದು. ಹೊಸದರಲ್ಲಿ, ಸ್ಮೃತಿ ಬರಿದಾಗಿರುವಾಗ, ಈ ದೋಷ ಕಾಣಿಸಿಕೊಳ್ಳದೆ ಇರಬಹುದು. ಬರಹ ತುಂಬಿದ ಮೇಲೆ ತಲೆಯೆತ್ತುತ್ತದೆ. ಖಾಲಿ ಸ್ಮೃತಿಯ ಮೇಲೆ ಪರೀಕ್ಷಿಸಿ ಒಪ್ಪಿಗೆ ಕೊಡುವುದು ಅರ್ಧ ಪರೀಕ್ಷೆಯೇ ಸರಿ.

ಪರಿಶೀಲನೆಯನ್ನೇ ಕೈಬಿಡುವುದು ಪರಿಹಾರವಲ್ಲ. ಶಿಲ್ಕು ಎಣಿಸದೆ ತಿಜೋರಿಗೆ ಬೀಗ ಹಾಕಿದಂತಾದೀತು. 2005ರ ಸುಮಾರಿಗೆ ಬಂದ ಸುಧಾರಣೆಯಂತೆ ಪ್ರತಿ ಖಂಡದ ಕೊನೆಯಲ್ಲಿ ಅದರ ಸಾರಾಂಶವನ್ನು ಬರೆದಿಡಬಹುದು. ಮೇಲಿನ ಉದಾಹರಣೆಯ 2048 ಖಂಡಗಳಲ್ಲಿ ಒಂದೊಂದು ಪುಟ ಸಾರಾಂಶವೆಂದರೆ 4 ಮೆಗಾಬೈಟ್. ಓದಲು ಒಂದು ಸೆಕೆಂಡು. ವಿದ್ಯುತ್ತು ಹೋದಾಗ ಬರೆಯುತ್ತಿದ್ದ ಖಂಡಕ್ಕೆ ಸಾರಾಂಶವಿರುವುದಿಲ್ಲವಾಗಿ ಅದನ್ನು ಮಾತ್ರ ಪೂರ್ತಿ ಓದಬೇಕು. ಆದರೆ ಹಿನ್ನೆಲೆಯ ತಾಳೆ ಹಾಗೆಯೇ ಉಳಿಯುತ್ತದೆ. ನೋಕಿಯಾದ ಎಂಜಿನಿಯರುಗಳು ಹಂಗೇರಿಯ ಸೆಗೆಡ್ ವಿಶ್ವವಿದ್ಯಾಲಯದ ನೆರವಿನಿಂದ ರಚಿಸಿ, 2008ರಲ್ಲಿ ಲಿನಕ್ಸಿಗೆ ಸೇರಿದ ಯುಬಿಐಎಫ್‌ಎಸ್ ಇನ್ನೂ ಮುಂದೆ ಹೋಯಿತು. ಅದು ಖತಾವಣಿಯನ್ನೂ ಫ್ಲ್ಯಾಷಿನ ಮೇಲೆಯೇ ಇಡುತ್ತದೆ. ಅವಘಡದ ಬಳಿಕ ಇತ್ತೀಚಿನ ಕಿರ್ದಿಯನ್ನು ಮಾತ್ರ ಮರಳಿ ಓದಿದರೆ ಸಾಕು. ಅದರ ತಳದ ಪದರವು ಎಲ್ಲ ಖಂಡಗಳ ತಲೆಬರಹವನ್ನು ಓದಬೇಕಾಗಿದ್ದುದರಿಂದ 2012ರಲ್ಲಿ ಅದಕ್ಕೂ ಒಂದು ಸಿದ್ಧ ನಕ್ಷೆಯನ್ನು ಸೇರಿಸಲಾಯಿತು. ಈ ಅನುಕೂಲಕ್ಕೆ ಹೆಚ್ಚು ಬರಹವೇ ಬೆಲೆ. ಸ್ಮೃತಿಯ ಆಯುಷ್ಯ ಅಷ್ಟು ಸವೆಯುತ್ತದೆ.

ಹಳೆಯ ವ್ಯವಸ್ಥೆಯ ಪೆಟ್ಟಿಗೆಗಳನ್ನು ಬದಲಿಸಲಾರದವರು ಬದಲಾಗದ ಕಡತಗಳನ್ನು ಓದಲು ಮಾತ್ರ ಬರುವ ಪ್ರತ್ಯೇಕ ಭಾಗದಲ್ಲಿಟ್ಟು, ದಿನವಹಿ ದಾಖಲೆಯ ಭಾಗವನ್ನು ಚಿಕ್ಕದಾಗಿಸಬಹುದು. ಕಾವಲು ಗಡಿಯಾರದ ಅವಧಿಯನ್ನು ತುಂಬಿದ ಸ್ಮೃತಿಯ ಮೇಲೆ ಅಳೆದು ನಿಗದಿಪಡಿಸಬೇಕು. ಜೊತೆಗೆ ಪೆಟ್ಟಿಗೆಯ ಮುಖದ ಮೇಲೆ ಮಿನುಗುವ ದೀಪವೊಂದನ್ನಿಟ್ಟು, ಅದರ ಕೆಳಗೆ ‘ತಪಾಸಣೆ ನಡೆದಿದೆ, ಆರಿಸಬೇಡಿ’ ಎಂದು ಅಲ್ಲಿನ ಕಾರ್ಮಿಕರು ಓದುವ ಮರಾಠಿಯಲ್ಲಿ ಬರೆಯಿಸುವುದಕ್ಕೆ ಹೆಚ್ಚಿನ ಖರ್ಚೇನೂ ಬಾರದು.