ಬಾಡಿಗೆ ಮೊದಲು ಪೆಟ್ಟಿಗೆಗೆ ಕಾವು

ಒಳಗೆ ಏನೂ ಇಡದೆ ಖಾಲಿ ಪೆಟ್ಟಿಗೆಯನ್ನು ಮುಕ್ಕಾಲು ಗಂಟೆ ಕಾಯಿಸುತ್ತಾರೆ ಎಂದರೆ ನಮ್ಮ ಸೂಲಿಬೆಲೆಯ ಹಿರಿಯರು ‘ಕರೆಂಟು ದಂಡ’ ಎಂದಾರು. ಆದರೆ ಎಲೆಕ್ಟ್ರಿಕ್ ಸ್ಮೋಕರ್ ಎಂಬ ಹೊಗೆಪೆಟ್ಟಿಗೆಯಲ್ಲಿ ಬಾಡು ಬೇಯಿಸುವವರು ಮೊದಲು ಮಾಡುವ ಕೆಲಸವೇ ಅದು.

ಈ ಪೆಟ್ಟಿಗೆ ನೋಡಲು ಸಣ್ಣ ಫ್ರಿಜ್ಜಿನಂತೆ ಇರುತ್ತದೆ. ತಳದಲ್ಲಿ ಕರೆಂಟು ಒಲೆಯಲ್ಲಿರುವಂಥ ಸುರುಳಿ, ಅದರ ಹತ್ತಿರ ಮರದ ಚಕ್ಕೆ ಹಾಕುವ ತಟ್ಟೆ, ಮೇಲೆ ಮಾಂಸ ಇಡಲು ಕಂಬಿಗಳ ಜಾಲರಿ. ಬೆಂಕಿ ಮಾಂಸಕ್ಕೆ ತಾಗುವುದೇ ಇಲ್ಲ. ಸುಮಾರು 107ರಿಂದ 120 ಡಿಗ್ರಿ ಸೆಲ್ಸಿಯಸ್ ಬಿಸಿಗಾಳಿಯಲ್ಲಿ, ಹೊಗೆಯಲ್ಲಿ ಅದು ಗಂಟೆಗಟ್ಟಲೆ ನಿಧಾನವಾಗಿ ಬೇಯುತ್ತದೆ. ಹೊಗೆಯ ಅಡುಗೆ ನಮಗೇನೂ ಹೊಸದಲ್ಲ ಬಿಡಿ. ಕೊಡಗಿನ ಹಳೆಯ ಮನೆಗಳಲ್ಲಿ ಒಲೆಯ ಮೇಲ್ಗಡೆ ಮಾಂಸ ತೂಗುಹಾಕಿ ಹೊಗೆಗೆ ಒಣಗಿಸುತ್ತಿದ್ದರು.

ಮೊದಲು ಕಾವು, ಆಮೇಲೆ ಅಡುಗೆ ಎಂಬುದೂ ನಮಗೆ ಗೊತ್ತಿರುವುದೇ. ಎಸರು ಮರಳುವ ಮುನ್ನ ರಾಗಿ ಹಿಟ್ಟು ಸುರಿಯುವ ಅಜ್ಜಿಯನ್ನು ನಾನಂತೂ ಕಂಡಿಲ್ಲ. ದೋಸೆ ಹುಯ್ಯುವ ಮುನ್ನ ಕಾವಲಿಯ ಮೇಲೆ ನೀರು ಚಿಮುಕಿಸುತ್ತಾರಲ್ಲ, ಅದನ್ನು ಗಮನಿಸಿ ಮಕ್ಕಳೇ. ಕಾವು ಸಾಲದಿದ್ದರೆ ನೀರು ಸುಮ್ಮನೆ ಹರಡಿಕೊಳ್ಳುತ್ತದೆ, ಕಾದಿದ್ದರೆ ಚುಂಯ್ ಎಂದು ಆರುತ್ತದೆ. ವಿಪರೀತ ಕಾದಿದ್ದರೆ ಮಾತ್ರ ಮುತ್ತಿನಂತೆ ಗುಂಡಗಾಗಿ ಓಡಾಡುತ್ತದೆ. ತನ್ನದೇ ಆವಿಯ ಮೇಲೆ ಹನಿ ತೇಲುವ ಈ ಆಟದ ಬಗ್ಗೆ ಜರ್ಮನಿಯ ವೈದ್ಯ ಲೈಡೆನ್‌ಫ್ರಾಸ್ಟ್ 1756ರಲ್ಲಿ ಪುಸ್ತಕ ಬರೆದ. ನಮ್ಮ ಅಜ್ಜಿಯರು ಪುಸ್ತಕ ಬರೆಯಲಿಲ್ಲ, ದೋಸೆ ಹುಯ್ದರು.

ನಮ್ಮ ತಾಲ್ಲೂಕು ಕೇಂದ್ರ ಹೊಸಕೋಟೆಯ ದಮ್ ಬಿರಿಯಾನಿಗೆ ಭಾನುವಾರ ಕೋಳಿ ಕೂಗುವ ಮುಂಚೆಯೇ ಜನ ಸಾಲುಗಟ್ಟುತ್ತಾರೆ. ಎಲ್ಲರ ಕಣ್ಣೂ ಹಂಡೆಯ ಮೇಲಿದ್ದರೆ ನನ್ನ ಕಣ್ಣು ಒಲೆಯ ಮೇಲೆ. ಬೆಳಗಿನ ಜಾವ ತಟ್ಟೆಗೆ ಬೀಳಬೇಕಾದರೆ ರಾತ್ರಿಯೇ ಸೌದೆ ಹೊತ್ತಿರಬೇಕು. ದಮ್ ಕಟ್ಟುವ ಹೊತ್ತಿಗೆ ಉರಿ ಇಳಿದು ಕೆಂಡವಾಗಿರಬೇಕು. ಕೆಳಗೂ ಕೆಂಡ, ಮುಚ್ಚಳದ ಮೇಲೂ ಕೆಂಡ. ಅಲ್ಲಿ ಕೆಂಡ ಮಾಡುವ ಕೆಲಸವನ್ನು ಇಲ್ಲಿ ಬಿಸಿಯಾದ ಗೋಡೆಗಳು ಮಾಡುತ್ತವೆ.

ಪೆಟ್ಟಿಗೆ ತಣ್ಣಗಿರುವಾಗಲೇ ಬಾಡು ಇಟ್ಟರೆ ಏನಾಗುತ್ತದೆ? ದೊಡ್ಡ ಭಯ ಕಣ್ಣಿಗೆ ಕಾಣದ ರೋಗಾಣುಗಳದ್ದು. 5ರಿಂದ 60 ಡಿಗ್ರಿಯ ನಡುವೆ ಅವು ಬೆಳೆಯುತ್ತವೆ. ಬೆಚ್ಚಗಿನ ಅನುಕೂಲ ಸಿಕ್ಕರೆ ಕೆಲವು ಸುಮಾರು 20 ನಿಮಿಷಕ್ಕೊಮ್ಮೆ ಎರಡರಷ್ಟಾಗುತ್ತವೆ. ಲೆಕ್ಕ ಹಾಕಿ ನೋಡಿ: ಒಂದು ರೋಗಾಣು ಗಂಟೆಗೆ 8, ನಾಲ್ಕು ಗಂಟೆಗೆ 4096! ನಿಧಾನದ ಅಡುಗೆಯಲ್ಲಿ ಮಾಂಸ ಹೇಗೂ ತಡವಾಗಿ ಬಿಸಿಯಾಗುತ್ತದೆ. ಪೆಟ್ಟಿಗೆಯೂ ತಣ್ಣಗಿದ್ದರೆ ಉಗುರುಬೆಚ್ಚಗಿನ ಹೊತ್ತು ಇನ್ನೂ ಉದ್ದವಾಗುತ್ತದೆ. ಎಳೆ ಮಕ್ಕಳಿಗೂ ವಯಸ್ಸಾದವರಿಗೂ ಇಂಥ ಊಟದಿಂದ ಬರುವ ವಾಂತಿ ಭೇದಿ ಸಣ್ಣ ಸಂಗತಿಯಲ್ಲ.

ಇನ್ನೊಂದು ತೊಂದರೆ ನೀರಿನದು. ತಣ್ಣೀರು ತುಂಬಿದ ಸ್ಟೀಲ್ ಲೋಟದ ಹೊರಮೈ ಬೆವರುವುದನ್ನು ನೋಡಿದ್ದೀರಲ್ಲವೇ? ತಣ್ಣನೆಯ ಪೆಟ್ಟಿಗೆಯ ಒಳಗೋಡೆಯೂ ಹಾಗೆಯೇ ಬೆವರುತ್ತದೆ. ಆ ಹನಿ ಹೊಗೆಯ ಮಸಿಯೊಂದಿಗೆ ಸೇರಿ ಮಾಂಸದ ಮೇಲೆ ತೊಟ್ಟಿಕ್ಕಿದರೆ ಬಾಯಿಗೆ ಕಹಿ. ಜೊತೆಗೆ, ಚಕ್ಕೆಗೆ ಕಾವು ಸಾಲದಿದ್ದರೆ ಹಸಿ ಸೌದೆ ಇಟ್ಟ ಒಲೆಯಂತೆ ದಟ್ಟ ಬಿಳಿ ಹೊಗೆ ಏಳುತ್ತದೆ. ಊದುಗೊಳವೆ ಹಿಡಿದು ಕಣ್ಣು ಉರಿಸಿಕೊಂಡವರಿಗೆ ಅದರ ರುಚಿ ವಿವರಿಸಬೇಕಿಲ್ಲ. ಬೇಕಾದದ್ದು ತೆಳುವಾದ, ತುಸು ನೀಲಿ ಛಾಯೆಯ ಹೊಗೆ.

ಆದ್ದರಿಂದ ಬಾಗಿಲು ಮುಚ್ಚಿ, ಬೇಕಾದ ಶಾಖಕ್ಕೆ ಗುಂಡಿ ತಿರುಗಿಸಿ, 30ರಿಂದ 45 ನಿಮಿಷ ಬಿಡಬೇಕು. ಚಳಿಗಾಲದಲ್ಲಿ ಇನ್ನಷ್ಟು ಹೊತ್ತು ಹಿಡಿದೀತು. ಮಾಂಸ ಅಲ್ಲಿಯತನಕ ಫ್ರಿಜ್ಜಿನಲ್ಲೇ ಇರಲಿ. ಹೊಸ ಪೆಟ್ಟಿಗೆಯಾದರೆ ಮೊದಲ ಸಲ ಕೆಲವು ಗಂಟೆ ಬರಿದೇ ಕಾಯಿಸಿ, ಕಾರ್ಖಾನೆಯ ಎಣ್ಣೆಯ ಅಂಶ, ವಾಸನೆ ಕಳೆಯುತ್ತಾರೆ. ಹೊಸ ಕಬ್ಬಿಣದ ಕಾವಲಿಯನ್ನು ಪಳಗಿಸುವಂತೆಯೇ ಇದು.

ಚಕ್ಕೆಯ ಮಾತು ಬಂತು. ನಮ್ಮ ಸೀಮೆಯಲ್ಲಿ ನೀಲಗಿರಿ ತೋಪುಗಳು ಬೇಕಾದಷ್ಟಿವೆ ಎಂದು ಅದರ ಚಕ್ಕೆ ಹಾಕಬೇಡಿ. ಎಣ್ಣೆಯ ಘಾಟು ಊಟಕ್ಕೂ ಹತ್ತುತ್ತದೆ. ಚೆನ್ನಾಗಿ ಒಣಗಿದ ಮಾವು, ಸೀಬೆ ಆಗಬಹುದು. ಬಣ್ಣ ಬಳಿದ ಹಲಗೆ, ಪ್ಲೈವುಡ್ ತುಂಡುಗಳ ಹೊಗೆ ವಿಷ, ಅವನ್ನು ಮುಟ್ಟಲೇಬೇಡಿ.

ಕರೆಂಟಿನದಾದರೂ ಈ ಪೆಟ್ಟಿಗೆಯನ್ನು ಮನೆಯೊಳಗೆ ಹಚ್ಚುವಂತಿಲ್ಲ. ಚಕ್ಕೆ ಕನಲುವಾಗ ಹೊರಡುವ ಕಾರ್ಬನ್ ಮೊನಾಕ್ಸೈಡ್‌ಗೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ, ಆದರೆ ಪ್ರಾಣ ತೆಗೆಯುತ್ತದೆ. ತೆರೆದ ಅಂಗಳ ಅಥವಾ ತಾರಸಿಯೇ ಸರಿಯಾದ ಜಾಗ. ಬಾಗಿಲು ತೆಗೆಯುವ ಕೆಲಸವೂ ದೊಡ್ಡವರದೇ. ‘ಆಯ್ತಾ, ಆಯ್ತಾ’ ಎಂದು ಐದೈದು ನಿಮಿಷಕ್ಕೆ ಇಣುಕಿದರೆ ಕೂಡಿಸಿಟ್ಟ ಕಾವೆಲ್ಲ ಆಚೆ ಹೋಗಿ ಊಟ ಇನ್ನೂ ತಡವಾಗುತ್ತದೆ. ಕೋಳಿ ಬೆಂದಿದೆಯೇ ಎಂದು ನೋಡಲು ಸೂಜಿಯಂಥ ಥರ್ಮಾಮೀಟರನ್ನು ಮಾಂಸದ ದಪ್ಪ ಭಾಗಕ್ಕೆ, ಮೂಳೆಗೆ ತಾಗದಂತೆ ಚುಚ್ಚುತ್ತಾರೆ. ಅದು 74 ಡಿಗ್ರಿ ತೋರಿಸಿದ ಮೇಲೆ ಎಲೆ ಹಾಕಬಹುದು.